ಬಿಗಿಚಕ್ರದ ಆಯ್ಕೆ: ಸೈಕಲ್ ಸವಾರರ ಆರೋಗ್ಯದೃಷ್ಟಿಯಿಂದ ಒಂದು ವಿವೇಚನೆ

ಮಾನವನು ನಿರ್ಮಿಸಿದ ಯಂತ್ರಗಳಲ್ಲಿ ಸೈಕಲ್ಲಿನಷ್ಟು ಸರಳವೂ ಉಪಕಾರಿಯೂ ಆದುದು ಮತ್ತೊಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಅದಕ್ಕೆ ಇಂಧನ ಬೇಡ, ಹೊಗೆ ಇಲ್ಲ; ಸವಾರನನ್ನು ಊರಿನಿಂದ ಊರಿಗೆ ಒಯ್ಯುವುದರ ಜೊತೆಗೆ ಅವನ ಹೃದಯವನ್ನೂ ಶ್ವಾಸಕೋಶಗಳನ್ನೂ ಬಲಪಡಿಸುತ್ತದೆ. ಒಂದು ಕಾಲದಲ್ಲಿ ಗುಮಾಸ್ತನ, ಶಾಲಾ ಮಾಸ್ತರನ, ಹಾಲು ಮಾರುವವನ ವಾಹನವಾಗಿದ್ದ ಸೈಕಲ್ಲು ಇಂದು ವೈದ್ಯರ ಸಲಹೆಯ ಮೇರೆಗೆ ಅಧಿಕಾರಿಗಳ, ಇಂಜಿನಿಯರುಗಳ ಮನೆಗಳಿಗೆ ಮರಳಿ ಬಂದಿದೆ. ಹೀಗೆ ಮರಳಿ ಬರುವಾಗ ಅದು ಹೊಸ ವೇಷದಲ್ಲಿ ಬಂದಿದೆ. ಆ ವೇಷದ ಅತ್ಯಂತ ದುಬಾರಿಯಾದ ಭಾಗವೆಂದರೆ ಕಾರ್ಬನ್ ನಾರಿನಿಂದ ಮಾಡಿದ ಬಿಗಿಯಾದ ಚಕ್ರಗಳು.

ಹೈದರಾಬಾದಿನ ಕನ್ನಡಿಗರಿಗೆ ಅಬಿಡ್ಸ್ ಪರಿಚಿತವಾದ ಸ್ಥಳ. ಆರನೆಯ ನಿಜಾಮನ ಕಾಲದಲ್ಲಿ ಆಲ್ಬರ್ಟ್ ಆಬಿಡ್ ಎಂಬ ವ್ಯಾಪಾರಿ ಇಟ್ಟಿದ್ದ ಅಂಗಡಿಯಿಂದ ಈ ಹೆಸರು ಬಂದಿತು. ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದುದರಿಂದ, ಓದಿಗೂ ನೌಕರಿಗೂ ಇಲ್ಲಿಗೆ ಬಂದ ಕುಟುಂಬಗಳು ಅನೇಕ. ಆ ಪೀಳಿಗೆಯವರಿಗೆ ಅಬಿಡ್ಸಿನಿಂದ ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಸೈಕಲ್ ತುಳಿಯುವುದು ದೊಡ್ಡ ಮಾತಾಗಿರಲಿಲ್ಲ. ಇಂದು ಅವರ ಮಕ್ಕಳು, ಮೊಮ್ಮಕ್ಕಳು ಭಾನುವಾರ ಮುಂಜಾನೆ, ಅಬಿಡ್ಸಿನ ಪಾದಚಾರಿ ಹಾದಿಯಲ್ಲಿ ಹಳೆಯ ಪುಸ್ತಕಗಳ ರಾಶಿ ಹರಡುವುದಕ್ಕೆ ಮೊದಲೇ, ಹುಸೇನ್ ಸಾಗರದ ಕಡೆಗೋ ಹೊರವರ್ತುಲ ರಸ್ತೆಯ ಕಡೆಗೋ ಹೊರಟಿರುತ್ತಾರೆ. ಆ ರಸ್ತೆಯ ಬದಿಯಲ್ಲಿ 2023ರ ಅಕ್ಟೋಬರ್ 1ರಂದು ಉದ್ಘಾಟನೆಗೊಂಡ 23 ಕಿಲೋಮೀಟರ್ ಉದ್ದದ, ಸೌರಫಲಕಗಳ ಛಾವಣಿಯುಳ್ಳ ಸೈಕಲ್ ಪಥವು ಈ ಅಭ್ಯಾಸಕ್ಕೆ ಇನ್ನಷ್ಟು ಉತ್ತೇಜನ ನೀಡಿತು.

ಅಭ್ಯಾಸ ಬೆಳೆದಂತೆ ಆಸೆಯೂ ಬೆಳೆಯುವುದು ಸಹಜ. ಅರ್ಧ ಲಕ್ಷದಿಂದ ಎರಡು ಲಕ್ಷ ರೂಪಾಯಿಗೂ ಮೀರಿ ಬೆಲೆಯುಳ್ಳ ಚಕ್ರಗಳನ್ನು ಕೊಳ್ಳುವ ಮೊದಲು ಮಧ್ಯಮ ವರ್ಗದ ಗೃಹಸ್ಥನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇವು ನಿಜವಾಗಿ ಏನು ಕೊಡುತ್ತವೆ? ದೇಹಕ್ಕೆ ಇವುಗಳಿಂದ ಹಿತವೇ, ಅಹಿತವೇ? ಇವು ಮುರಿದರೆ ಗತಿಯೇನು?

ಚಕ್ರದ ಸಂಕ್ಷಿಪ್ತ ಚರಿತ್ರೆ

ಮೊದಲ ಸೈಕಲ್ಲುಗಳ ಚಕ್ರಗಳು ಎತ್ತಿನ ಗಾಡಿಯ ಚಕ್ರಗಳಂತೆ ಮರದವು. ಅವುಗಳಲ್ಲಿ ಭಾರವನ್ನು ಹೊರುತ್ತಿದ್ದುದು ಕೆಳಭಾಗದ ದಪ್ಪ ಅರಗಳು. ತೆಳುವಾದ ತಂತಿಯ ಕಡ್ಡಿಗಳನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಚಕ್ರ ಹಗುರವೂ ಬಲವೂ ಆಗುತ್ತದೆಂಬುದನ್ನು 19ನೆಯ ಶತಮಾನದ ಕುಶಲಿಗಳು ಕಂಡುಕೊಂಡರು. 1874ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿಯು ಕಡ್ಡಿಗಳನ್ನು ಗುಂಬದಿಂದ ಓರೆಯಾಗಿ ಹೊರಡಿಸಿ ಒಂದನ್ನೊಂದು ದಾಟಿಸುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. ಇಂದಿಗೂ ನಮ್ಮ ಮನೆಯ ಸೈಕಲ್ಲಿನ ಚಕ್ರದಲ್ಲಿ ಕಾಣುವುದು ಅದೇ ಕ್ರಮ.

1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ಪನು ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದನು. ಇದರ ಮೂಲವು ಅವನ ಚಿಕ್ಕ ಮಗನ ಮೂರುಗಾಲಿ ಸೈಕಲ್ಲು. ಒರಟು ನೆಲದ ಮೇಲೆ ಮಗು ಕುಲುಕಾಡುವುದನ್ನು ತಪ್ಪಿಸುವ ಯತ್ನದಿಂದ ಹುಟ್ಟಿದ ಈ ಉಪಾಯವು ವೇಗವನ್ನೂ ಹೆಚ್ಚಿಸಿತೆಂಬುದು ಗಮನಾರ್ಹ. ದೇಹಕ್ಕೆ ಹಿತವಾದುದು ವೇಗಕ್ಕೆ ಶತ್ರುವಲ್ಲವೆಂಬ ಪಾಠ ಅಂದೇ ಲಭಿಸಿತ್ತು.

ಪಂದ್ಯದ ಚಕ್ರಗಳ ರಿಮ್ಮು ಬಹುಕಾಲ ಮರದ್ದೇ ಆಗಿತ್ತು. 1934ರ ಫ್ರಾನ್ಸ್ ಪರ್ಯಟನ ಪಂದ್ಯದಲ್ಲಿ ಗೆದ್ದ ಆಂತೊನಾ ಮಾಞನು ಮಾವಿಕ್ ಸಂಸ್ಥೆಯ ಅಲ್ಯುಮಿನಿಯಂ ಮಿಶ್ರಲೋಹದ ರಿಮ್ಮುಗಳನ್ನು ಮರದ ಬಣ್ಣ ಬಳಿದು ಗುಟ್ಟಾಗಿ ಬಳಸಿದ್ದನೆಂದು ಹೇಳುತ್ತಾರೆ. ಅನಂತರ ಲೋಹವೇ ರೂಢಿಗೆ ಬಂದಿತು. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಾರ್ಬನ್ ನಾರು ಅದರ ಸ್ಥಾನಕ್ಕೆ ಬರತೊಡಗಿತು.

ಬಿಗಿತವೆಂದರೇನು?

ಸವಾರನ ಭಾರ ಎಲ್ಲಿ ನಿಲ್ಲುತ್ತದೆ? ಗುಂಬವು ಮೇಲಿನ ಕಡ್ಡಿಗಳಿಂದ ನೇತುಬಿದ್ದಿದೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ 1981ರಲ್ಲಿ ಪ್ರಕಟವಾದ ‘ದಿ ಬೈಸಿಕಲ್ ವ್ಹೀಲ್’ ಎಂಬ ಗ್ರಂಥದಲ್ಲಿ ಜಾಬ್ಸ್ಟ್ ಬ್ರಾಂಟ್ ಎಂಬ ಇಂಜಿನಿಯರು ಲೆಕ್ಕ ಹಾಕಿ ತೋರಿಸಿದಂತೆ, ಭಾರ ಬಿದ್ದಾಗ ಮೇಲಿನ ಕಡ್ಡಿಗಳ ಎಳೆತ ಬಹುಮಟ್ಟಿಗೆ ಬದಲಾಗುವುದೇ ಇಲ್ಲ. ನೆಲಕ್ಕೆ ಸಮೀಪದ ನಾಲ್ಕಾರು ಕಡ್ಡಿಗಳ ಎಳೆತ ಮಾತ್ರ ಕಡಿಮೆಯಾಗುತ್ತದೆ. ಮೊದಲೇ ಬಿಗಿದು ಕಟ್ಟಿದ್ದರಿಂದ ಅವು ಸಡಿಲಗೊಳ್ಳದೆ ಭಾರವನ್ನು ತಾಳುತ್ತವೆ. ಚಕ್ರವು ಉರುಳಿದಂತೆಲ್ಲ ಪ್ರತಿಯೊಂದು ಕಡ್ಡಿಯೂ ಸುತ್ತಿಗೊಮ್ಮೆ ಹೀಗೆ ಕುಗ್ಗಿ ಹಿಗ್ಗುತ್ತದೆ. ವರ್ಷಗಳ ನಂತರ ಕಡ್ಡಿ ತುಂಡಾಗುವುದು ಈ ಆಯಾಸದಿಂದಲೇ ಹೊರತು ಒಂದೇ ದಿನದ ಭಾರದಿಂದಲ್ಲ.

ಬಿಗಿತದಲ್ಲಿ ಎರಡು ಬಗೆಗಳನ್ನು ಗುರುತಿಸಬೇಕು. ಮೇಲಿನಿಂದ ಒತ್ತಿದಾಗ ಚಕ್ರ ಕುಗ್ಗದಿರುವುದು ಲಂಬ ಬಿಗಿತ. ಬದಿಯಿಂದ ತಳ್ಳಿದಾಗ ಬಾಗದಿರುವುದು ಪಾರ್ಶ್ವ ಬಿಗಿತ. ಲಂಬ ದಿಕ್ಕಿನಲ್ಲಿ ಯಾವ ಚಕ್ರವಾದರೂ ಸಾಕಷ್ಟು ಬಿಗಿಯೇ. ಸವಾರ ಕುಳಿತಾಗ ಟೈರು ಕೆಲವು ಮಿಲಿಮೀಟರಿನಷ್ಟು ತಗ್ಗಿದರೆ, ರಿಮ್ಮು ಕಡ್ಡಿಗಳು ಕೂಡಿ ತಗ್ಗುವುದು ಒಂದು ಮಿಲಿಮೀಟರಿನ ಅಲ್ಪ ಭಾಗ ಮಾತ್ರ. ಆದಕಾರಣ ರಸ್ತೆಯ ಕುಲುಕು ಸವಾರನಿಗೆ ತಟ್ಟುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ಟೈರು ಮತ್ತು ಅದರೊಳಗಿನ ಗಾಳಿ.

ಆಯ್ಕೆಯಲ್ಲಿ ನೋಡಬೇಕಾದುದು ಪಾರ್ಶ್ವ ಬಿಗಿತ. ಸವಾರನು ಎದ್ದುನಿಂತು ತುಳಿಯುವಾಗ, ವೇಗವಾಗಿ ತಿರುವು ಹೊರಳುವಾಗ ಚಕ್ರಕ್ಕೆ ಬದಿಯಿಂದ ಬಲ ಬೀಳುತ್ತದೆ. ಅದನ್ನು ತಡೆಯುವ ಅಂಶಗಳು ಮೂರು: ಕಡ್ಡಿಗಳ ಸಂಖ್ಯೆ ಮತ್ತು ದಪ್ಪ, ಗುಂಬದ ಎರಡು ಬಿಲ್ಲೆಗಳ ನಡುವಣ ಅಂತರ, ರಿಮ್ಮಿನ ಬಿಗಿತ. ಡೇರೆಯ ಹಗ್ಗಗಳನ್ನು ಗೂಟಕ್ಕೆ ದೂರವಾಗಿ ಕಟ್ಟಿದಷ್ಟೂ ಕಂಬ ಭದ್ರವಾಗಿ ನಿಲ್ಲುವಂತೆ, ಬಿಲ್ಲೆಗಳು ದೂರವಿದ್ದಷ್ಟೂ ಕಡ್ಡಿಗಳ ಓರೆ ಹೆಚ್ಚಿ ಚಕ್ರ ಬಾಗುವುದಿಲ್ಲ. ಹಿಂದಿನ ಚಕ್ರದ ಬಲಬದಿಯಲ್ಲಿ ಹಲ್ಲುಗಾಲಿಗಳಿಗೆ ಜಾಗ ಬಿಡಬೇಕಾದುದರಿಂದ ಆ ಬದಿಯ ಕಡ್ಡಿಗಳು ಬಹುಮಟ್ಟಿಗೆ ನೆಟ್ಟಗಿರುತ್ತವೆ. ಹೀಗಾಗಿ ಹಿಂದಿನ ಚಕ್ರವೇ ದುರ್ಬಲ; ಸವಾರನ ಭಾರದ ಹೆಚ್ಚಿನ ಪಾಲು ಬೀಳುವುದೂ ಅದರ ಮೇಲೆಯೇ. ಕೊಳ್ಳುವವನು ಮೊದಲು ಅದನ್ನು ಪರೀಕ್ಷಿಸತಕ್ಕದ್ದು.

ಕಡ್ಡಿಗಳನ್ನು ಮತ್ತಷ್ಟು ತಿರುಗಿಸಿ ಬಿಗಿಗೊಳಿಸಿದರೆ ಚಕ್ರದ ಬಿಗಿತವೂ ಹೆಚ್ಚುತ್ತದೆಂಬ ನಂಬಿಕೆ ಸರಿಯಲ್ಲ. ಯಾವ ಕಡ್ಡಿಯೂ ಸಡಿಲಗೊಳ್ಳದಷ್ಟು ಎಳೆತವಿದ್ದರೆ ಸಾಕು. ಅದಕ್ಕಿಂತ ಹೆಚ್ಚಿನ ಎಳೆತವು ರಿಮ್ಮಿನ ರಂಧ್ರಗಳನ್ನು ಬಿರಿಯಿಸುವುದಲ್ಲದೆ ಬಿಗಿತವನ್ನು ಹೆಚ್ಚಿಸದು. ರಿಮ್ಮು ಬಹು ಬಿಗಿಯಾಗಿದ್ದು ಕಡ್ಡಿಗಳು ಕಡಿಮೆಯಿದ್ದರೂ ಒಂದು ವಿಚಿತ್ರ ಕಾಣುತ್ತದೆ: ನೆಲದ ಬಳಿ ತಳ್ಳಲ್ಪಟ್ಟ ರಿಮ್ಮು ಅಲ್ಲಿಯೇ ಬಾಗದೆ ಇಡಿಯಾಗಿ ತಟ್ಟೆಯಂತೆ ಓರೆಯಾಗಿ, ಮೇಲ್ಭಾಗದಲ್ಲಿ ಬ್ರೇಕಿನ ರಬ್ಬರಿಗೆ ಉಜ್ಜುತ್ತದೆ. ಬಿಗಿಚಕ್ರ ಕೊಂಡ ಮೇಲೂ ಬ್ರೇಕು ಉಜ್ಜುತ್ತಿದ್ದರೆ ಅದಕ್ಕೆ ಇದೇ ಕಾರಣವಾಗಿರಬಹುದು.

ಕಾರ್ಬನ್ ನಾರಿನ ಗುಣದೋಷಗಳು

ಕಾರ್ಬನ್ ನಾರು ತಲೆಗೂದಲಿಗಿಂತಲೂ ಸಣ್ಣದು. ಅದನ್ನು ನೇಯ್ದು ಅಥವಾ ಒಂದೇ ದಿಕ್ಕಿನಲ್ಲಿ ಜೋಡಿಸಿ, ಅಂಟುದ್ರವದಲ್ಲಿ ನೆನೆಸಿ, ಅಚ್ಚಿನಲ್ಲಿಟ್ಟು ಶಾಖದಿಂದ ಗಟ್ಟಿಗೊಳಿಸುತ್ತಾರೆ. ನಾರು ಹರಿದ ದಿಕ್ಕಿನಲ್ಲಿ ಅದರ ಬಿಗಿತ ಅಪಾರ. ತೂಕ ಅಲ್ಯುಮಿನಿಯಂಗಿಂತ ಕಡಿಮೆ. ಎಲ್ಲಿ ಎಷ್ಟು ಪದರ, ಯಾವ ದಿಕ್ಕಿಗೆ ಎಂಬುದನ್ನು ತಯಾರಕನು ನಿರ್ಧರಿಸಬಲ್ಲನಾದುದರಿಂದ ಆಳವಾದ, ಗಾಳಿಯನ್ನು ಸೀಳುವ ರಿಮ್ಮನ್ನು ತೂಕ ಹೆಚ್ಚಿಸದೆಯೇ ಮಾಡಲು ಸಾಧ್ಯ.

ಇಂಥ ಸಂಯುಕ್ತ ವಸ್ತುಗಳ ಪರಿಣತಿಯು ಹೈದರಾಬಾದಿಗೆ ಹೊಸದಲ್ಲ. ಇಲ್ಲಿನ ರಕ್ಷಣಾ ಪ್ರಯೋಗಾಲಯಗಳಲ್ಲಿ ಕ್ಷಿಪಣಿಗಳಿಗಾಗಿ ಹಗುರವಾದ ವಸ್ತುಗಳನ್ನು ರೂಪಿಸುತ್ತಿದ್ದಾಗ, ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯ ಮೂಳೆ ವೈದ್ಯರೊಬ್ಬರು ಅವನ್ನು ಕೈಯಲ್ಲಿ ಎತ್ತಿ ನೋಡಿ ಬೆರಗಾದ ಪ್ರಸಂಗವನ್ನು ಎ. ಪಿ. ಜೆ. ಅಬ್ದುಲ್ ಕಲಾಂ ಅವರು ತಮ್ಮ ಭಾಷಣಗಳಲ್ಲಿ ಹೇಳುತ್ತಿದ್ದರು. ಆ ಆಸ್ಪತ್ರೆಯ ಮಕ್ಕಳು ಮೂರು ಕಿಲೋಗ್ರಾಂಗೂ ಮೀರಿದ ಲೋಹದ ಊರುಪಟ್ಟಿಗಳನ್ನು ಎಳೆದುಕೊಂಡು ನಡೆಯುತ್ತಿದ್ದರು. ಅವರಿಗಾಗಿ ಸುಮಾರು 300 ಗ್ರಾಂ ತೂಕದ ಪಟ್ಟಿಗಳು ಸಿದ್ಧವಾದವು. ಹಗುರತನದ ಬೆಲೆ ಎಲ್ಲಿ ನಿಜವಾಗಿ ದೊಡ್ಡದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ದೋಷವೂ ಉಂಟು. ಲೋಹದ ರಿಮ್ಮು ಗುಂಡಿಗೆ ಬಿದ್ದರೆ ತಗ್ಗು ಬಿದ್ದು ತನ್ನ ನೋವನ್ನು ಹೊರಗೆ ತೋರಿಸುತ್ತದೆ. ಕಾರ್ಬನ್ನಿನಲ್ಲಾದರೋ ಮೇಲ್ಮೈ ನುಣುಪಾಗಿದ್ದೂ ಒಳಗೆ ಪದರಗಳು ಬಿಟ್ಟಿರಬಹುದು. ಅದು ಬಾಗಿ ಎಚ್ಚರಿಸದೆ ಒಮ್ಮೆಲೇ ಮುರಿಯಬಹುದು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಮುಂದಿನ ಚಕ್ರ ಮುರಿದರೆ ಸವಾರನಿಗೆ ಕೈಯೂರಲೂ ಸಮಯವಿರದು. ಆದ್ದರಿಂದ ಹೆಸರಿಲ್ಲದ, ಖಾತರಿಯಿಲ್ಲದ, ಹೆಸರಾಂತ ಸಂಸ್ಥೆಯ ಮುದ್ರೆಯನ್ನು ಸುಳ್ಳಾಗಿ ಹೊತ್ತ ಅಗ್ಗದ ಚಕ್ರಗಳಿಂದ ದೂರವಿರುವುದು ಲೇಸು. ಇಲ್ಲಿ ಉಳಿತಾಯವಾಗುವುದು ಹಣ. ಪಣಕ್ಕಿಡುವುದು ಮನೆಯ ಯಜಮಾನನ ಜೀವ.

ವೇಗದ ಲೆಕ್ಕಾಚಾರ

72 ಕಿಲೋಗ್ರಾಂ ತೂಕದ ಸವಾರ, 8 ಕಿಲೋಗ್ರಾಂ ಸೈಕಲ್ಲು, ಒಟ್ಟು 80. ಹೊಸ ಚಕ್ರಗಳಿಂದ 400 ಗ್ರಾಂ ಕಡಿಮೆಯಾಯಿತೆನ್ನೋಣ. ಇದು ಒಟ್ಟು ತೂಕದ ಇನ್ನೂರರಲ್ಲಿ ಒಂದು ಪಾಲು. ಇಪ್ಪತ್ತು ನಿಮಿಷದ ಏರುಹಾದಿಯಲ್ಲಿ ಉಳಿಯುವ ಕಾಲ ಹೆಚ್ಚೆಂದರೆ ಆರು ಸೆಕೆಂಡು. ರಿಮ್ಮಿನ ತೂಕ ಸುತ್ತುವ ತೂಕವಾದ್ದರಿಂದ ವೇಗ ಹೆಚ್ಚಿಸುವ ಗಳಿಗೆಯಲ್ಲಿ ಅದು ಸುಮಾರು ಇಮ್ಮಡಿಯಾಗಿ ಲೆಕ್ಕಕ್ಕೆ ಬರುವುದು ನಿಜ. ಆದರೆ ಒಂದೇ ವೇಗದಲ್ಲಿ ಸಾಗುವಾಗ ಆ ವ್ಯತ್ಯಾಸವೂ ಉಳಿಯದು.

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ತಳ್ಳುವುದಕ್ಕೇ ವ್ಯಯವಾಗುತ್ತದೆ. ಆಳದ ರಿಮ್ಮಿನ ಮುಖ್ಯ ಲಾಭ ಇಲ್ಲಿ. ಆದರೂ ಆ ಗಾಳಿಗೆ ಅಡ್ಡವಾಗುವ ದೊಡ್ಡ ವಸ್ತು ಚಕ್ರವಲ್ಲ, ಸವಾರನ ದೇಹ. ಮೊಣಕೈ ಬಾಗಿಸಿ, ಮೈಗಂಟಿದ ಉಡುಪು ಧರಿಸಿ ಕುಳಿತರೆ ಬಿಡಿಗಾಸಿಲ್ಲದೆ ದೊರೆಯುವ ಲಾಭವನ್ನು ಮೊದಲು ಪಡೆಯಬೇಕು. ಚಕ್ರ ಬಾಗುವುದರಿಂದ ಶಕ್ತಿಯೆಲ್ಲ ಪೋಲಾಗುತ್ತದೆಂಬ ಮಾತಿನಲ್ಲಿಯೂ ಹುರುಳು ಅಲ್ಪ. ಬಾಗಿದ ಚಕ್ರವು ಬಿಲ್ಲಿನಂತೆ ಮರಳಿ ನೆಟ್ಟಗಾಗುವಾಗ ಆ ಶಕ್ತಿಯ ಹೆಚ್ಚಿನ ಭಾಗವನ್ನು ಹಿಂದಿರುಗಿಸುತ್ತದೆ. ಬಿಗಿಚಕ್ರದ ನಿಜವಾದ ಗುಣವೆಂದರೆ ತಿರುವಿನಲ್ಲಿ ದೊರೆಯುವ ಖಚಿತತೆ ಮತ್ತು ಭಾರದ ಸವಾರನಿಗೆ ದೊರೆಯುವ ಭದ್ರತೆ.

ಕೈ, ಕತ್ತು, ಬೆನ್ನು

ಬಿಗಿಚಕ್ರ ಹಾಕಿಸಿದ ಮೇಲೆ ಕೈ ಜೋಮು ಹಿಡಿಯುತ್ತದೆಂದು ಹೇಳುವವರುಂಟು. ಕಿರುಬೆರಳೂ ಉಂಗುರಬೆರಳೂ ಜೋಮು ಹಿಡಿದರೆ ಅಂಗೈ ಬುಡದ ಕಿರುಬೆರಳಿನ ಪಕ್ಕದಲ್ಲಿ ಹಾದುಹೋಗುವ ಅಲ್ನಾರ್ ನರದ ಮೇಲೆ ಒತ್ತಡ ಬಿದ್ದಿದೆಯೆಂದು ತಿಳಿಯಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಾದರೆ ಮೀಡಿಯನ್ ನರದ ಮೇಲೆ. ಹಿಡಿಯ ಮೇಲೆ ದೇಹದ ಭಾರ ಹೇರುವುದು, ಮಣಿಕಟ್ಟನ್ನು ಹಿಂದಕ್ಕೆ ಮಡಿಸಿ ಹಿಡಿಯುವುದು ಮತ್ತು ಎಡೆಬಿಡದ ಕಂಪನ, ಈ ಮೂರೂ ಕೂಡಿ ನರವನ್ನು ಪೀಡಿಸುತ್ತವೆ.

ಚಕ್ರಕ್ಕಿಂತ ಹೆಚ್ಚಾಗಿ ಇಲ್ಲಿ ದೂರಬೇಕಾದುದು ಕಲ್ಲಿನಂತೆ ಗಾಳಿ ತುಂಬಿದ ಸಣ್ಣ ಟೈರನ್ನು. ಟೈರಿಗೆ ಗಾಳಿ ಹೆಚ್ಚಿದ್ದಷ್ಟೂ ವೇಗವೆಂದು ಹಿಂದೆ ನಂಬಿದ್ದರು. ಹೊಳಪಿನ ನೆಲದ ಮೇಲೆ ಅದು ನಿಜವಿರಬಹುದು. ನಮ್ಮ ರಸ್ತೆಗಳ ಮೇಲಲ್ಲ. ಒಂದು ಮಿತಿ ಮೀರಿದ ಮೇಲೆ ಟೈರು ಉಬ್ಬುತಗ್ಗುಗಳನ್ನು ನುಂಗಿಕೊಳ್ಳದೆ ಸವಾರನನ್ನೇ ಮೇಲಕ್ಕೆಸೆಯುತ್ತದೆ. ಆ ಕುಲುಕಿನಲ್ಲಿ ಶಕ್ತಿಯೂ ಹೋಗುತ್ತದೆ, ಮೈಯೂ ದಣಿಯುತ್ತದೆ. ಹಿಂದೆ 23 ಮಿಲಿಮೀಟರ್ ಟೈರಿಗೆ ಚದರ ಅಂಗುಲಕ್ಕೆ 110 ಪೌಂಡ್ ತುಂಬುತ್ತಿದ್ದವರು ಇಂದು 28 ಅಥವಾ 30 ಮಿಲಿಮೀಟರ್ ಟೈರಿಗೆ 60ರಿಂದ 75 ಪೌಂಡ್ ತುಂಬಿ ಅಷ್ಟೇ ವೇಗವಾಗಿ, ಹೆಚ್ಚು ಹಿತವಾಗಿ ಸಾಗುತ್ತಾರೆ. ತೂಕಕ್ಕೆ ತಕ್ಕಂತೆ ಈ ಅಂಕಿಯನ್ನು ಹೊಂದಿಸಿಕೊಳ್ಳಬೇಕು. ಮುಂದಿನ ಟೈರಿಗೆ ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ ಸಾಕು.

ಆಸನದ ಎತ್ತರ ಮತ್ತು ಹಿಡಿಯ ದೂರವನ್ನು ಸರಿಪಡಿಸಿ, ಕೈಯ ಸ್ಥಾನವನ್ನು ಆಗಾಗ ಬದಲಿಸಿ, ದಪ್ಪ ಪಟ್ಟಿ ಸುತ್ತಿದ ಮೇಲೂ ಜೋಮು ಹಲವು ದಿನ ಉಳಿದರೆ, ಅಥವಾ ಗುಂಡಿ ಹಾಕಲು, ಬೀಗ ತಿರುಗಿಸಲು ಬೆರಳಿಗೆ ಬಲ ಸಾಲದೆ ಹೋದರೆ, ಸವಾರಿ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮಧುಮೇಹವುಳ್ಳವರಲ್ಲಿ ನರಗಳು ಮೊದಲೇ ಸೂಕ್ಷ್ಮವಾಗಿರುವುದರಿಂದ ಅವರು ಇದನ್ನು ಉಪೇಕ್ಷಿಸಲೇಬಾರದು.

ಬ್ರೇಕು ಮತ್ತು ಶಾಖ

ರಿಮ್ಮನ್ನೇ ಹಿಡಿಯುವ ಬ್ರೇಕುಳ್ಳ ಸೈಕಲ್ಲಿನಲ್ಲಿ ಕಾರ್ಬನ್ ರಿಮ್ಮು ವಿಶೇಷ ಎಚ್ಚರವನ್ನು ಬೇಡುತ್ತದೆ. ನಂದಿಬೆಟ್ಟದಂಥ ಕಡೆ, ಸವಾರನೂ ಸೈಕಲ್ಲೂ ಕೂಡಿ 85 ಕಿಲೋಗ್ರಾಂ ಭಾರವು 400 ಮೀಟರ್ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿಯು ಸುಮಾರು ಒಂದು ಲೀಟರ್ ನೀರನ್ನು ಕುದಿಸಲು ಸಾಕಾಗುವಷ್ಟು. ಅದರಲ್ಲಿ ಒಂದಂಶವನ್ನು ಗಾಳಿ ಕೊಂಡೊಯ್ದರೂ, ಇಳಿಜಾರಿನುದ್ದಕ್ಕೂ ಬ್ರೇಕು ಹಿಡಿದೇ ಇಳಿಯುವವನ ರಿಮ್ಮಿಗೆ ಉಳಿದುದೆಲ್ಲ ಶಾಖವಾಗಿ ಸೇರುತ್ತದೆ. ಅಲ್ಯುಮಿನಿಯಂ ಆ ಶಾಖವನ್ನು ಬೇಗ ಹರಡುತ್ತದೆ, ಕಾರ್ಬನ್ ಹರಡದು. ಅಂಟು ಮೆತ್ತಗಾದರೆ ಟೈರಿನ ಒತ್ತಡಕ್ಕೆ ಅಂಚು ಹೊರಬಾಗಬಹುದು. ಹೀಗಾಗಿ ಬಿಟ್ಟುಬಿಟ್ಟು ಬ್ರೇಕು ಹಿಡಿಯುವ ಅಭ್ಯಾಸವೂ, ಕಾರ್ಬನ್ನಿಗೆಂದೇ ಮಾಡಿದ ರಬ್ಬರೂ ಅವಶ್ಯ. ಮಳೆಯಲ್ಲಿ ಇಂಥ ಬ್ರೇಕು ತಡವಾಗಿ ಹಿಡಿಯುತ್ತದೆಂಬುದನ್ನೂ ಮರೆಯಬಾರದು. ಗುಂಬದ ಬಳಿ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕಿನಲ್ಲಿ ರಿಮ್ಮಿಗೆ ಈ ತೊಂದರೆಯಿಲ್ಲ.

ಆಯ್ಕೆಯ ಕ್ರಮ

1. ತಯಾರಕನು ಸೂಚಿಸಿದ ಭಾರಮಿತಿಯನ್ನು ಮೊದಲು ನೋಡಬೇಕು. ಅದು ಸವಾರನೊಬ್ಬನದೋ, ಸೈಕಲ್ಲು ಚೀಲಗಳೂ ಸೇರಿಯೋ ಎಂಬುದನ್ನು ಕೇಳಿ ತಿಳಿಯಬೇಕು.

2. ನಮ್ಮ ಹಳೆಯ ಕಪ್ಪು ಸೈಕಲ್ಲಿಗೆ ಮುಂದೆ 32, ಹಿಂದೆ 40 ಕಡ್ಡಿಗಳಿದ್ದವು. ಅಕ್ಕಿಮೂಟೆ ಹೊತ್ತರೂ ಅದು ಅಳುಕಲಿಲ್ಲ. ಇಂದಿನ ಕಾರ್ಬನ್ ಚಕ್ರಗಳಲ್ಲಿ ಸಾಮಾನ್ಯವಾಗಿ 20ರಿಂದ 24. ದೇಹತೂಕ 85 ಕಿಲೋಗ್ರಾಂ ಮೀರಿದವರು ಹಿಂದಿನ ಚಕ್ರಕ್ಕೆ 24ಕ್ಕಿಂತ ಕಡಿಮೆ ಕಡ್ಡಿಗಳನ್ನು ಒಪ್ಪದಿರುವುದು ಕ್ಷೇಮ.

3. ರಿಮ್ಮಿನ ಆಳ 35ರಿಂದ 50 ಮಿಲಿಮೀಟರ್ ಒಳಗಿದ್ದರೆ ಸಾಮಾನ್ಯ ಸವಾರನಿಗೆ ಸಾಕು. ಅದಕ್ಕೂ ಆಳವಾದರೆ ಬಯಲಿನ ಅಡ್ಡಗಾಳಿಗೆ, ಪಕ್ಕದಲ್ಲಿ ಸಾಗುವ ಲಾರಿಯ ಗಾಳಿಗೆ ಮುಂದಿನ ಚಕ್ರ ಹೊಯ್ದಾಡುತ್ತದೆ. ಹಗುರ ಮೈಯವರು ಇದನ್ನು ಹೆಚ್ಚು ಅನುಭವಿಸುತ್ತಾರೆ.

4. ಟೈರನ್ನು ಹಿಡಿದಿಡುವ ಕೊಕ್ಕೆ ರಿಮ್ಮಿನ ಅಂಚಿನಲ್ಲಿದೆಯೇ ಎಂದು ನೋಡಬೇಕು. ಕೊಕ್ಕೆಯಿಲ್ಲದ ರಿಮ್ಮಿಗೆ ಒಪ್ಪುವ ಟೈರುಗಳೇ ಬೇರೆ. ಗಾಳಿಯೂ 5 ಬಾರ್, ಅಂದರೆ ಸುಮಾರು 72 ಪೌಂಡ್ ಮೀರಕೂಡದು. ಹಳೆಯ ರೂಢಿಯಂತೆ 100 ಪೌಂಡ್ ತುಂಬಿದರೆ ಟೈರು ಕಳಚಿ ಅನಾಹುತವಾಗಬಹುದು.

5. ಸಾಧಾರಣವಾದ ಉಕ್ಕಿನ ಕಡ್ಡಿಗಳಿರುವ, ಇಲ್ಲಿಯೇ ಬಿಡಿಭಾಗ ದೊರೆಯುವ ಚಕ್ರವನ್ನು ಆರಿಸುವುದು ವಿವೇಕ. ಕಡ್ಡಿಯೊಂದು ಮುರಿದರೆ ಅದಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾದ ಚಕ್ರವು ಗೋಡೆಗೆ ಒರಗಿಸಿದ ಅಲಂಕಾರವಷ್ಟೆ.

6. ಖಾತರಿಯ ಅವಧಿ ಮತ್ತು ಗುಂಡಿಗೆ ಬಿದ್ದು ಒಡೆದರೆ ಬದಲಿಸಿಕೊಡುವ ಷರತ್ತನ್ನು ಬರವಣಿಗೆಯಲ್ಲಿ ಪಡೆಯಬೇಕು.

ಕೊಂಡ ಮೇಲೆ ವಾರಕ್ಕೊಮ್ಮೆ ಚಕ್ರವನ್ನು ಎತ್ತಿ ತಿರುಗಿಸಿ ಓಲಾಟ ಪರೀಕ್ಷಿಸಬೇಕು. ಕಡ್ಡಿಗಳನ್ನು ಜೋಡಿಜೋಡಿಯಾಗಿ ಹಿಂಡಿ ಸಡಿಲವಾದುದನ್ನು ಗುರುತಿಸಬೇಕು. ಗುಂಡಿಗೆ ಬಡಿದ ದಿನ ರಿಮ್ಮನ್ನು ನಾಣ್ಯದಿಂದ ಸುತ್ತಲೂ ಮೆಲ್ಲಗೆ ತಟ್ಟಿ ಕೇಳಬೇಕು. ಕುಂಬಾರನು ಮಡಕೆ ತಟ್ಟಿದಂತೆಯೇ. ಎಲ್ಲೆಡೆ ಗಣಗಣಿಸಿ ಒಂದೆಡೆ ಮಂಕಾಗಿ ನುಡಿದರೆ ಆ ಚಕ್ರವನ್ನು ತಿಳಿದವರಿಗೆ ತೋರಿಸದೆ ಮತ್ತೆ ಏರಕೂಡದು. ಸದ್ದು ಸರಿಯಿದ್ದರೂ ಬಿರುಕಿನ ಶಂಕೆಯಿದ್ದರೆ ಇದೇ ನಿಯಮ. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಗಾಳಿ ತುಂಬಿದ ಚಕ್ರಗಳನ್ನು ಬಿಸಿಲಿಗೆ ಬಿಟ್ಟುಹೋಗುವುದು ಒಳಿತಲ್ಲ.

ಉಪಸಂಹಾರ

ನಮ್ಮ ನಾಡಿನ ವಿಜಯಪುರ, ಬಾಗಲಕೋಟೆ, ಗದಗ ಸೀಮೆಗಳ ರೈತಾಪಿ ಮನೆಗಳಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳು ಬಂದಿದ್ದಾರೆ. ಅವರಲ್ಲಿ ಅನೇಕರು ಮೊದಲು ತುಳಿದುದು ಮನೆಯ ಹಳೆಯ ಸೈಕಲ್ಲನ್ನೇ. ಸೆಕೆಂಡಿನ ಅಂಶಕ್ಕೆ ಪದಕ ತಪ್ಪುವ ಅಂಥ ಪಟುವಿಗೆ ಬಿಗಿಚಕ್ರ ಅವಶ್ಯಕ. ಅದನ್ನು ಒದಗಿಸುವುದು ಸಮಾಜದ ಕರ್ತವ್ಯವೂ ಹೌದು. ಆರೋಗ್ಯಕ್ಕಾಗಿ ತುಳಿಯುವ ಗೃಹಸ್ಥನ ಅಗತ್ಯ ಬೇರೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಅಧ್ಯಯನವು ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಮಧುಮೇಹವಿದೆಯೆಂದು ಅಂದಾಜಿಸಿತು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಸೂಚಿಸುವುದು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವ್ಯಾಯಾಮ. ಅದನ್ನು ಅಲ್ಯುಮಿನಿಯಂ ಚಕ್ರವೂ ಕೊಡುತ್ತದೆ, ಕಾರ್ಬನ್ ಚಕ್ರವೂ ಕೊಡುತ್ತದೆ.

ಆದ್ದರಿಂದ ಹಣ ವ್ಯಯಿಸುವ ಕ್ರಮ ಹೀಗಿರಲಿ: ಮೊದಲು ಶಿರಸ್ತ್ರಾಣ ಮತ್ತು ದೀಪ, ಅನಂತರ ದೇಹಕ್ಕೆ ಹೊಂದುವಂತೆ ಆಸನ ಮತ್ತು ಹಿಡಿ, ಆಮೇಲೆ ಉತ್ತಮವಾದ ಅಗಲ ಟೈರು, ಕೊನೆಗೆ, ಮನೆಯ ಖರ್ಚುವೆಚ್ಚ ತೂಗಿ ಉಳಿದರೆ, ಚಕ್ರ. ಈ ಮೆಟ್ಟಿಲುಗಳನ್ನು ಏರಿ ಬಂದವನು ಬಿಗಿಚಕ್ರ ಕೊಂಡರೆ ಅದರ ಸುಖವನ್ನು ನಿಜವಾಗಿ ಅನುಭವಿಸುವನು. ಮೆಟ್ಟಿಲು ಹಾರಿ ಬಂದವನಿಗೆ ಅದು ಜೋಮುಗಟ್ಟಿದ ಕೈಯನ್ನೂ ಸಾಲವನ್ನೂ ತರಬಹುದು. ಚಕ್ರವು ಎಷ್ಟೇ ಬಿಗಿಯಾಗಿರಲಿ, ಅದನ್ನು ತಿರುಗಿಸುವುದು ಸವಾರನ ಕಾಲು. ಆ ಕಾಲಿಗೆ ಬಲ ಕೊಡುವುದು ನಿತ್ಯದ ಅಭ್ಯಾಸ.